ಇಷ್ಟು ಚಿಕ್ಕ ಪಿಸಿಯನ್ನು ಹತ್ತಿರದ ಅಂಗಡಿಯ ಸಾಮಾನಿನಿಂದಲೇ ಕಟ್ಟಬಹುದೇ?

ಶೂ ಡಬ್ಬದಷ್ಟೇ ಇರುವ ಡೆಸ್ಕ್‌ಟಾಪ್ ಕಂಡವರೆಲ್ಲ ಕೇಳುವುದು ಇದನ್ನೇ: ಇಂಥದ್ದನ್ನು ನಾವೇ ಜೋಡಿಸಬಹುದೇ, ಅದೂ ಹತ್ತಿರದ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುವ ಬಿಡಿಭಾಗಗಳಿಂದ? ಇಲ್ಲ, ಎಲ್ಲವನ್ನೂ ಹೊರಗಿನಿಂದ ತರಿಸಬೇಕೇ?

ಜೋಡಿಸಬಹುದು. ಆದರೆ ಸಾಮಾನು ಆರಿಸುವ ಕ್ರಮ ತಲೆಕೆಳಗಾಗುತ್ತದೆ. ದೊಡ್ಡ ಪಿಸಿಗೆ ಮೊದಲು ಪ್ರೊಸೆಸರ್ ಆರಿಸುತ್ತೇವೆ, ಕೊನೆಗೆ ಯಾವುದೋ ಒಂದು ಕ್ಯಾಬಿನೆಟ್. ಇಲ್ಲಿ ಮೊದಲು ಕ್ಯಾಬಿನೆಟ್, ಆಮೇಲೆ ಎಸ್‌ಎಂಪಿಎಸ್ (ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆ), ಅದರ ನಂತರ ಮದರ್‌ಬೋರ್ಡ್. ಪ್ರೊಸೆಸರ್, ರ್ಯಾಮ್, ಎಸ್‌ಎಸ್‌ಡಿ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಸಿಗದೆ ಸತಾಯಿಸುವುದು ಕ್ಯಾಬಿನೆಟ್, ಎಸ್‌ಎಂಪಿಎಸ್, ಮದರ್‌ಬೋರ್ಡ್ ಈ ಮೂರೇ. ಇವು ಕೈಗೆ ಬರುವವರೆಗೆ ಉಳಿದ ಯಾವುದಕ್ಕೂ ದುಡ್ಡು ಕೊಡಬೇಡಿ.

ಮದರ್‌ಬೋರ್ಡ್ ಮಿನಿ ಐಟಿಎಕ್ಸ್ ಆಗಿರಲಿ: 170 ಮಿ.ಮೀ. ಚೌಕ, 2001ರಲ್ಲಿ ವಿಯಾ ಕಂಪನಿ ತಂದ ಅಳತೆ, ಇಂದಿಗೂ ಅದೇ. ಅಂಗಡಿಯಲ್ಲಿ ‘ಮೈಕ್ರೋ ಇದೆ, ಅದೂ ಚಿಕ್ಕದೇ’ ಎಂದರೆ ಒಪ್ಪಬೇಡಿ; ಮೈಕ್ರೋ ಎಟಿಎಕ್ಸ್ 244 ಮಿ.ಮೀ. ವರೆಗೆ ಇರುತ್ತದೆ. ಐಟಿಎಕ್ಸ್‌ನಲ್ಲಿ ಸಾಮಾನ್ಯವಾಗಿ ಎರಡೇ ರ್ಯಾಮ್ ಸ್ಲಾಟ್, ಗ್ರಾಫಿಕ್ಸ್ ಕಾರ್ಡಿನಂಥವು ಕೂರುವ ಪಿಸಿಐಇ ಸ್ಲಾಟ್ ಒಂದೇ. ಬೋರ್ಡ್ ಹಳೆಯ ದಾಸ್ತಾನಾಗಿದ್ದರೆ, ನೀವು ಹಾಕಲಿರುವ ಪ್ರೊಸೆಸರ್‌ಗೆ ಬೇಕಾದ ಬಯೋಸ್ (ಬೋರ್ಡನ್ನು ಚಾಲೂ ಮಾಡುವ ತಂತ್ರಾಂಶ) ಅದರಲ್ಲಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಅಲ್ಲೇ ಅಪ್‌ಡೇಟ್ ಮಾಡಿಸಿಕೊಳ್ಳಿ. ಮನೆಗೆ ತಂದ ಮೇಲೆ ಪರದೆ ಕಪ್ಪಾಗಿಯೇ ಉಳಿದರೆ, ಅದನ್ನು ಸರಿಪಡಿಸಲು ಇನ್ನೊಂದು ಹಳೆಯ ಪ್ರೊಸೆಸರ್ ಹುಡುಕಬೇಕಾದೀತು.

ಇನ್ನು ಎಸ್‌ಎಂಪಿಎಸ್. ಹೆಚ್ಚಿನವರು ಎಡವುವುದು ಇಲ್ಲೇ. ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್‌ನ ಅಳತೆ 150 × 86 × 140 ಮಿ.ಮೀ., ಅದೊಂದೇ 1.8 ಲೀಟರ್ ಜಾಗ ನುಂಗುತ್ತದೆ. ಅದರ ಚಿಕ್ಕ ರೂಪವಾದ ಎಸ್‌ಎಫ್‌ಎಕ್ಸ್ 125 × 63.5 × 100, ಅಂದರೆ 0.8 ಲೀಟರ್. ಫ್ಲೆಕ್ಸ್ ಎಟಿಎಕ್ಸ್ ಇನ್ನೂ ತೆಳು, ಸುಮಾರು ಅರ್ಧ ಲೀಟರ್. ಆದರೆ ಅದರ 40 ಮಿ.ಮೀ. ಫ್ಯಾನ್ ಹೊರೆ ಬಿದ್ದಾಗ ಕೀರಲು ದನಿ ತೆಗೆಯುತ್ತದೆ, ರಾತ್ರಿ ಕೋಣೆಯಲ್ಲಿ ಸಹಿಸಲಾಗದು. ಎಸ್‌ಎಫ್‌ಎಕ್ಸ್‌ನ ಕೇಬಲ್ ಗಿಡ್ಡವಿರುತ್ತದೆ, ಚಿಕ್ಕ ಡಬ್ಬದಲ್ಲಿ ಅದೇ ಅನುಕೂಲ. ಒಂದು ಎಚ್ಚರಿಕೆ: ಮಾಡ್ಯುಲರ್ (ಬಿಚ್ಚಿ ಜೋಡಿಸಬಹುದಾದ) ಕೇಬಲ್ ಉದ್ದವಾಯಿತೆಂದು ಬೇರೆ ಎಸ್‌ಎಂಪಿಎಸ್‌ನ ಗಿಡ್ಡ ಕೇಬಲ್ ತಂದು ಚುಚ್ಚಬೇಡಿ. ಬೋರ್ಡ್ ಕಡೆಯ ಪಿನ್ನುಗಳಿಗೆ ಮಾನದಂಡವಿದೆ, ಎಸ್‌ಎಂಪಿಎಸ್ ಕಡೆಯ ಪಿನ್ನುಗಳಿಗೆ ಇಲ್ಲ. ಕೂರುವುದೇನೋ ಸರಿಯಾಗಿ ಕೂರುತ್ತದೆ; 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಎಸ್‌ಎಸ್‌ಡಿ ಸುಡುತ್ತದೆ.

ಗ್ರಾಫಿಕ್ಸ್ ಕಾರ್ಡ್ ಬೇಡವೆಂದರೆ ಮೂರನೆಯ ದಾರಿಯೂ ಉಂಟು: ಎಸ್‌ಎಂಪಿಎಸ್ಸನ್ನೇ ಡಬ್ಬದಿಂದ ಹೊರಹಾಕಿ, ಹೊರಗೆ 12 ವೋಲ್ಟ್ ಅಡಾಪ್ಟರ್, ಒಳಗೆ 24 ಪಿನ್ನಿನ ಪುಟ್ಟ ಡಿಸಿ ಬೋರ್ಡ್. ಲೆಕ್ಕ ಹಾಕಿ ನೋಡೋಣ. ಒಳಗೇ ಗ್ರಾಫಿಕ್ಸ್ ಇರುವ ಎಎಂಡಿ ಪ್ರೊಸೆಸರ್ ರೈಜನ್ 5 5600ಜಿ ಹೆಸರಿಗೆ 65 ವ್ಯಾಟ್, ಪೂರ್ತಿ ಹೊರೆಯಲ್ಲಿ ಬೋರ್ಡಿನ ಸಾಕೆಟ್‌ನಿಂದ ಎಳೆಯುವುದು 88. ಬೋರ್ಡ್, ರ್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ ಇನ್ನೊಂದು 25–30. ಅಲ್ಲಿಗೆ 118 ಆಯಿತು; 12 ವೋಲ್ಟ್ 10 ಆಂಪ್ ಅಡಾಪ್ಟರ್ ಕೊಡುವುದೇ 120. ಉಸಿರಾಡಲು ಜಾಗವಿಲ್ಲ. ಒಂದೋ 150 ವ್ಯಾಟ್ ಅಡಾಪ್ಟರ್ ತನ್ನಿ, ಇಲ್ಲವೇ ಬಯೋಸ್‌ನಲ್ಲಿ ಪ್ರೊಸೆಸರನ್ನು 45 ವ್ಯಾಟ್‌ನ ಇಕೋ ಮೋಡ್‌ಗೆ ಇಳಿಸಿ. ಇಳಿಸುವುದೇ ಜಾಣತನ: ವೇಗ ಸ್ವಲ್ಪ ಕುಗ್ಗುತ್ತದೆ, ಬಿಸಿ ಮತ್ತು ಗದ್ದಲ ಎದ್ದು ಕಾಣುವಷ್ಟು ತಗ್ಗುತ್ತವೆ.

ಕ್ಯಾಮೆರಾ, ಎಲ್‌ಇಡಿ ಪಟ್ಟಿಗಳಿಗೆ ಮಾರುವ 12 ವೋಲ್ಟ್ ಅಡಾಪ್ಟರ್ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಹಾಕೋಣ ಎನಿಸುವುದು ಸಹಜ. ಇಂಥ ಎಷ್ಟೋ ಡಿಸಿ ಬೋರ್ಡ್‌ಗಳು 12 ವೋಲ್ಟನ್ನು ತಿದ್ದದೆ ಹಾಗೇ ಮುಂದೆ ದಾಟಿಸುತ್ತವೆ. ಅಡಾಪ್ಟರ್ ಹೊರೆಯಲ್ಲಿ 11.4ಕ್ಕಿಂತ ಕೆಳಗೆ ಕುಸಿದರೆ ಪಿಸಿ ಇದ್ದಕ್ಕಿದ್ದಂತೆ ಮರುಚಾಲನೆಯಾಗುತ್ತದೆ, ತಪ್ಪು ರ್ಯಾಮ್ ತಲೆಗೆ ಬರುತ್ತದೆ. ಹೊರೆ ಕೊಟ್ಟು ಮಲ್ಟಿಮೀಟರ್ ಹಿಡಿದರೆ ನಿಜ ಗೊತ್ತಾಗುತ್ತದೆ. ಪಿನ್ನನ್ನೂ ನೋಡಿ. ಅಡಾಪ್ಟರಿನ ದುಂಡು ಪ್ಲಗ್‌ನಲ್ಲಿ ಎರಡು ಬಗೆ: ಹೊರಗಿನಿಂದ ಎರಡೂ 5.5 ಮಿ.ಮೀ., ಒಳತೂತು ಮಾತ್ರ ಒಂದರಲ್ಲಿ 2.1, ಇನ್ನೊಂದರಲ್ಲಿ 2.5. 2.1ರ ಪ್ಲಗ್ 2.5ರ ಜ್ಯಾಕಿಗೆ ಹೋಗುವುದೇ ಇಲ್ಲ, ಅದು ಒಳ್ಳೆಯದೇ. 2.5ರ ಪ್ಲಗ್ 2.1ಕ್ಕೆ ಹೋಗುತ್ತದೆ, ಸಡಿಲವಾಗಿ ಕೂತು ಕಿಡಿ ಹಾರಿಸುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. 8 ಆಂಪ್ ದಾಟುವುದಾದರೆ ದುಂಡು ಪಿನ್ ಬಿಟ್ಟು ನಾಲ್ಕು ಪಿನ್ನಿನ ಡಿನ್ ಕನೆಕ್ಟರ್ ಹಾಕಿ.

ಕೂಲರ್ ಎತ್ತರ ಮಿಲಿಮೀಟರ್ ಲೆಕ್ಕದ ಮಾತು. ಪ್ರೊಸೆಸರ್ ಜೊತೆಗೇ ಬರುವ ಕೂಲರ್‌ಗಿಂತ ಸುಲಭವಾಗಿ ಸಿಗುವ ಕೂಲರ್ ಇನ್ನೊಂದಿಲ್ಲ. 5600ಜಿ ಜೊತೆ ಬರುವ ರೈತ್ ಸ್ಟೆಲ್ತ್‌ನ ಎತ್ತರ 54 ಮಿ.ಮೀ. ಅದು ಹಿಡಿಸುವ ಕ್ಯಾಬಿನೆಟ್ ಆರಿಸಿದರೆ ಒಂದು ಹುಡುಕಾಟ ತಪ್ಪಿತು, ಮುಂದೆ ಕೆಟ್ಟರೂ ಬದಲಿ ಅಲ್ಲೇ ಸಿಗುತ್ತದೆ. ಡೆಸ್ಕ್‌ಮಿನಿ ಎಕ್ಸ್300ರಂಥ ಎರಡು ಲೀಟರ್ ಒಳಗಿನ ಡಬ್ಬಗಳಲ್ಲಿ ಮಿತಿ 46 ಮಿ.ಮೀ. ಮಾತ್ರ, ಅಲ್ಲಿ 37 ಮಿ.ಮೀ.ನ ನಾಕ್ಟುವಾ ಎಲ್9ಎ ಥರದ್ದನ್ನು ತರಿಸದೆ ಗತಿಯಿಲ್ಲ. ರ್ಯಾಮ್ ಮೇಲಿನ ಅಲಂಕಾರದ ಲೋಹದ ಕೊಂಬುಗಳೂ ಕೂಲರ್‌ಗೆ ತಾಗುತ್ತವೆ, ಬೋಳು ರ್ಯಾಮ್ ತನ್ನಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ನೆಚ್ಚಿಕೊಂಡಿದ್ದರೆ 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಮೇಲು: ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಎರಡು ಚಾನೆಲ್ ಸಿಕ್ಕರೆ ದಾರಿ ಇಮ್ಮಡಿ ಅಗಲವಾಗುತ್ತದೆ.

ಕೂಲರ್ ಹಿಡಿಸಿದ ಮಾತ್ರಕ್ಕೆ ಗಾಳಿ ಸಿಕ್ಕಿತೆಂದಲ್ಲ. ಫ್ಯಾನಿನ ಮೇಲ್ಮೈಗೂ ಜಾಲರಿಗೂ ನಡುವೆ ಒಂದೆರಡು ಸೆಂಟಿಮೀಟರ್ ಸಂದು ಉಳಿದರೆ ಫ್ಯಾನ್ ಹೊರಗಿನ ತಣ್ಣಗಾಳಿಯ ಬದಲು ತಾನೇ ಉಗುಳಿದ ಬಿಸಿಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಫ್ಯಾನಿನ ಅಂಚಿನ ಮೇಲೆ ನಿಲ್ಲುವಂತೆ ಫೋಮ್ ಹಾಳೆಯ ಉಂಗುರ ಕತ್ತರಿಸಿ ಆ ಸಂದು ಮುಚ್ಚಿ. ಹತ್ತು ನಿಮಿಷದ ಕೆಲಸ, ಹೊಸ ಕೂಲರ್‌ಗಿಂತ ಹೆಚ್ಚು ಫಲ ಕೊಡುವುದುಂಟು.

ಕ್ಯಾಬಿನೆಟ್ ಎಲ್ಲೂ ಸಿಗದಿದ್ದರೆ ತಗಡಿನ ಕೆಲಸ ಮಾಡುವವರಿಂದ ಅಲ್ಯೂಮಿನಿಯಂನಲ್ಲಿ ಕತ್ತರಿಸಿಕೊಳ್ಳಬಹುದು. ಬೋರ್ಡನ್ನೇ ಕಾಗದದ ಮೇಲಿಟ್ಟು ತೂತುಗಳನ್ನು ಗುರುತಿಸಿ. ನಾಲ್ಕೂ ಸರಿಯಾದ ಆಯತದಲ್ಲಿಲ್ಲ, ಒಂದು ಸುಮಾರು 23 ಮಿ.ಮೀ. ಸರಿದಿರುತ್ತದೆ, ನಾಲ್ಕು ಮೂಲೆಗೆ ನಾಲ್ಕು ತೂತು ಎಂದು ಅಂದಾಜಿನಲ್ಲಿ ಕೊರೆದವರು ತಗಡು ಬಿಸಾಕಬೇಕಾಗುತ್ತದೆ. ಅಕ್ರಿಲಿಕ್ ಡಬ್ಬ ಅಡಾಪ್ಟರ್ ಪಿಸಿಗೆ ನಡೆಯುತ್ತದೆ. ಮನೆಯ ಕರೆಂಟ್ ನೇರ ಒಳಬರುವ ಪಿಸಿಗೆ ಲೋಹದ ಡಬ್ಬ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕೆಂದರೆ, ಸ್ಲಾಟ್‌ನಿಂದಲೇ ವಿದ್ಯುತ್ ಪಡೆಯುವ ಲೋ ಪ್ರೊಫೈಲ್ (ಎತ್ತರ ಕಡಿಮೆಯಿರುವ) ಕಾರ್ಡ್ ನೋಡಿ. ಆರ್‌ಎಕ್ಸ್ 6400 53 ವ್ಯಾಟ್‌ನಲ್ಲಿ ಮುಗಿಸುತ್ತದೆ. ಆದರೆ ನಾಲ್ಕನೇ ತಲೆಮಾರಿನ ಈ ಕಾರ್ಡ್ ಬಳಸುವುದು ನಾಲ್ಕೇ ಪಿಸಿಐಇ ಲೇನ್ (ದತ್ತಾಂಶ ಸಾಗುವ ದಾರಿ), 5600ಜಿ ಕೊಡುವುದು ಮೂರನೇ ತಲೆಮಾರಿನ ಪಿಸಿಐಇ. ಎರಡೂ ಕೂಡಿದರೆ ಕಾರ್ಡಿನ ದಾರಿ ಅರ್ಧಕ್ಕಿಳಿಯುತ್ತದೆ. ನಾಲ್ಕನೇ ತಲೆಮಾರಿನ ಪಿಸಿಐಇ ಕೊಡುವ ಬೇರೆ ಪ್ರೊಸೆಸರ್ ಇದ್ದು, ಕಾರ್ಡನ್ನು ಸ್ಲಾಟ್‌ನಿಂದ ದೂರ ಕೂರಿಸುವ ರೈಸರ್ ಕೇಬಲ್ ಹಾಕಿದ ಮೇಲೆ ಚಿತ್ರ ಬರದಿದ್ದರೆ, ಬಯೋಸ್‌ನಲ್ಲಿ ಪಿಸಿಐಇಯನ್ನು ಆಟೋ ಬಿಟ್ಟು ಜೆನ್ 3ಕ್ಕೆ (ಮೂರನೇ ತಲೆಮಾರಿಗೆ) ಕಟ್ಟಿಹಾಕಿ. ಹಳೆಯ ರೈಸರ್ ನಾಲ್ಕನೇ ತಲೆಮಾರಿನ ವೇಗ ತಾಳುವುದಿಲ್ಲ.

ಜೋಡಿಸುವಾಗ ಮೊದಲು ಎಲ್ಲವನ್ನೂ ಹೊರಗೆ, ಬೋರ್ಡಿನ ರಟ್ಟಿನ ಡಬ್ಬದ ಮೇಲಿಟ್ಟು ಚಾಲೂ ಮಾಡಿ. ಪವರ್ ಸ್ವಿಚ್‌ನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ಮುಟ್ಟಿಸಿದರೆ ಸಾಕು. ಬಯೋಸ್ ಕಂಡ ಮೇಲೆಯೇ ಡಬ್ಬದೊಳಗೆ. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಬೋರ್ಡಿನ ಬೆನ್ನಲ್ಲಿದ್ದರೆ ಅದನ್ನು ಈಗಲೇ ಹಾಕಿ, ಇಲ್ಲದಿದ್ದರೆ ಆಮೇಲೆ ಇಡೀ ಪಿಸಿ ಬಿಚ್ಚಬೇಕಾಗುತ್ತದೆ. ಹಿಂಬದಿಯ ಐಒ ತಗಡು (ಯುಎಸ್‌ಬಿಯಂಥ ಕಿಂಡಿಗಳ ಸುತ್ತ ಕೂರುವ ತಗಡು) ಮೊದಲು, ಬೋರ್ಡ್ ನಂತರ. ಪಳಗಿದವರೂ ಮರೆಯುವುದು ಇದನ್ನೇ. ಮುಂಭಾಗದ ಸಣ್ಣ ವೈರುಗಳು, ಪ್ರೊಸೆಸರ್‌ನ ಪವರ್ ಕೇಬಲ್, 24 ಪಿನ್ ಎಲ್ಲ ಚುಚ್ಚಿಯಾದ ಮೇಲೆ ಎಸ್‌ಎಂಪಿಎಸ್ ಕೂರಿಸಿ, ಕೂತ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ.

ಎಲ್ಲ ಮುಚ್ಚಿ ಅರ್ಧ ಗಂಟೆ ಪೂರ್ತಿ ಹೊರೆ ಕೊಟ್ಟು ಉಷ್ಣಾಂಶ ಬರೆದಿಟ್ಟುಕೊಳ್ಳಿ, ಪಕ್ಕದ ಫಲಕ ತೆಗೆದು ಮತ್ತೊಮ್ಮೆ ನೋಡಿ. 5600ಜಿಯ ಮಿತಿ 95 ಡಿಗ್ರಿ. ಫಲಕ ತೆಗೆದೊಡನೆ ಹತ್ತು ಡಿಗ್ರಿಗೂ ಹೆಚ್ಚು ಇಳಿದರೆ ತೊಂದರೆ ಕೂಲರ್‌ನದ್ದಲ್ಲ, ಗಾಳಿಯ ದಾರಿಯದ್ದು. ಏನೂ ಇಳಿಯದೆ 95ರಲ್ಲೇ ನಿಂತಿದ್ದರೆ ಕೂಲರ್ ಬಿಚ್ಚಿ ಥರ್ಮಲ್ ಪೇಸ್ಟಿನ ಗುರುತು ನೋಡಿ: ಒಂದು ಬದಿಗಷ್ಟೇ ಹರಡಿದ್ದರೆ ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿದಿದ್ದೀರಿ. ಒರೆಸಿ, ಅವರೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಎದುರುಬದುರಿನ ಸ್ಕ್ರೂಗಳನ್ನು ಎರಡೆರಡು ಸುತ್ತಿನಂತೆ ಸರದಿಯಲ್ಲಿ ತಿರುಗಿಸಿ.