ಹಳೆಯ ಸ್ಟ್ರ್ಯಾಟ್ ಪಿಕಪ್, ಹೊಸ ನಕಲು: ಅಳತೆಯ ದಾಖಲೆ

ಏಪ್ರಿಲ್, ಎರಡನೇ ವಾರ

ಮೇಜಿನ ಮೇಲೆ ಮೂರು ಪಿಕಪ್ ಇವೆ, ಅಂದರೆ ಎಲೆಕ್ಟ್ರಿಕ್ ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಮ್ಯಾಗ್ನೆಟ್ ಮತ್ತು ಕಾಯಿಲ್. ಮೊದಲನೆಯದು 1960ರ ದಶಕದ ನಡುಭಾಗದ, ಫೆಂಡರ್ ಕಂಪನಿಯ ಗಿಟಾರ್ ಸ್ಟ್ರ್ಯಾಟೋಕ್ಯಾಸ್ಟರ್‌ನದು. ತಳದ ಫೈಬರ್ ಹಾಳೆ ಬೂದು ಬಣ್ಣ, ವೈರ್ 42 ಎಡಬ್ಲ್ಯೂಜಿ (ವೈರ್ ದಪ್ಪದ ಅಮೆರಿಕನ್ ಅಳತೆ), ಅದರ ಮೇಲೆ ಪ್ಲೇನ್ ಎನಾಮಲ್ ಲೇಪ, ತಂತಿಗೊಂದರಂತೆ ಇರುವ ಆರೂ ಕಂಬ ಆಲ್ನಿಕೋ 5 ಎಂಬ ಮಿಶ್ರಲೋಹದ ಮ್ಯಾಗ್ನೆಟ್. ಫೆಂಡರ್‌ನವರು ಫಾರ್ಮ್‌ವಾರ್ ಲೇಪದ ವೈರ್ ಬಿಟ್ಟು ಎನಾಮಲ್‌ಗೆ ಬಂದದ್ದೂ, ಕಪ್ಪು ತಳ ಬೂದಾದದ್ದೂ 1964ರ ಆಸುಪಾಸಿನಲ್ಲಿ. ಎರಡನೆಯದು ಅದೇ ವೈರ್, ಅದೇ ಲೇಪ, ಅದೇ ಮ್ಯಾಗ್ನೆಟ್ ಎಂದು ಹೇಳಿ ಮಾರುವ ಈಗಿನ ನಕಲು. ಮೂರನೆಯದು ಅಗ್ಗದ ಗಿಟಾರಿನಿಂದ ಬಿಚ್ಚಿದ್ದು: ಉಕ್ಕಿನ ಕಂಬಗಳು, ಅಡಿಯಲ್ಲಿ ಸಿರಾಮಿಕ್ ಮ್ಯಾಗ್ನೆಟ್ ಪಟ್ಟಿ. ಇದನ್ನು ಸೇರಿಸಿಕೊಂಡದ್ದು ಪಿಕಪ್ ಹೇಗಿದೆ ಎಂದು ತಿಳಿಯಲು ಕಿಲೋಓಮ್ ಸಂಖ್ಯೆಯನ್ನೇ (ವೈರಿನ ರೋಧ) ನಂಬುವವರಿಗಾಗಿ. ಮುಂದೆ ಇವಕ್ಕೆ ಹಳೆಯದು, ನಕಲು, ಅಗ್ಗದ್ದು ಎಂದಷ್ಟೇ ಹೆಸರು.

ಹಳೆಯದನ್ನು ಮುಟ್ಟುವ ಮೊದಲು ಒಂದು ಎಚ್ಚರಿಕೆ. ಇದಕ್ಕೆ ಪ್ಲಾಸ್ಟಿಕ್ ಬಾಬಿನ್ ಇಲ್ಲ. ಮ್ಯಾಗ್ನೆಟ್ ಕಂಬಗಳ ಮೇಲೆಯೇ, ನಡುವೆ ಲ್ಯಾಕರ್ ಪದರವೊಂದನ್ನು ಬಿಟ್ಟರೆ ಬೇರೇನೂ ಇಲ್ಲದೆ, ಕೂದಲಿಗಿಂತ ತೆಳುವಾದ ವೈರ್ ಸುತ್ತಿದ್ದಾರೆ. ಮೂರನೇ ತಂತಿಯ ಕಂಬ ಎತ್ತರವಾಗಿದೆ ಎಂದು ಹೆಬ್ಬೆರಳಲ್ಲಿ ಒತ್ತಿದರೆ ಒಳಗಿನ ಸುತ್ತು ಕಡಿದು ಪಿಕಪ್ ಮೂಕವಾಗುತ್ತದೆ. ಆ ಕಂಬ ಎತ್ತರ ಇರುವುದಕ್ಕೂ ಕಾರಣವಿದೆ. ಆ ಕಾಲದ ಸೆಟ್‌ಗಳಲ್ಲಿ ಮೂರನೇ ತಂತಿಯ ಮೈಮೇಲೂ ಲೋಹದ ಎಳೆ ಸುತ್ತಿರುತ್ತಿತ್ತು, ಅದರ ಸದ್ದು ಕಡಿಮೆ. ಈಗಿನ ಬೋಳು ತಂತಿ ಹಾಕಿದರೆ ಅದೊಂದೇ ಕೂಗುತ್ತದೆ. ನಕಲು ಮಾಡಿದವರು ಈ ಏರಿಳಿತವನ್ನೂ ಹಾಗೇ ಇಳಿಸಿಕೊಂಡಿದ್ದಾರೆ.

ಓಮ್ ಅಳತೆ. ಬೆಳಗ್ಗೆ ಆರು ಗಂಟೆಗೆ, ಕೋಣೆ 22 ಡಿಗ್ರಿ ಇದ್ದಾಗ: ಹಳೆಯದು 5.7, ನಕಲು 6.1, ಅಗ್ಗದ್ದು 5.9 ಕಿಲೋಓಮ್. ಮಧ್ಯಾಹ್ನ 33 ಡಿಗ್ರಿಯಲ್ಲಿ ಹಳೆಯದೇ 5.95 ತೋರಿಸಿತು. ಮೀಟರ್ ಕೆಟ್ಟಿಲ್ಲ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 11 ಡಿಗ್ರಿಗೆ 4.3 ಶೇಕಡಾ, ಅಂದರೆ ಕಾಲು ಕಿಲೋಓಮ್. ಬೆಂಗಳೂರಿನ ಬೇಸಿಗೆಯಲ್ಲಿ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಅಳೆದು ಹೋಲಿಸಿದರೆ ಆ ಹೋಲಿಕೆ ಪಿಕಪ್‌ನದಲ್ಲ, ಹವೆಯದು. ಈಗ ಪಟ್ಟಿಯಲ್ಲಿ ಉಷ್ಣಾಂಶಕ್ಕೂ ಒಂದು ಕಾಲಂ ಇದೆ. ಬೆರಳಲ್ಲಿ ಹಿಡಿದುಕೊಂಡೇ ಅಳೆದರೂ ಸಂಖ್ಯೆ ಮೆಲ್ಲಗೆ ಏರುವುದು ಕಾಣುತ್ತದೆ.

ಏಪ್ರಿಲ್, ಮೂರನೇ ವಾರ

ಇಂಡಕ್ಟೆನ್ಸ್, ಅಂದರೆ ಬದಲಾಗುವ ಕರೆಂಟಿಗೆ ಕಾಯಿಲ್ ಒಡ್ಡುವ ತಡೆಯ ಅಳತೆ. ಎಲ್‌ಸಿಆರ್ ಮೀಟರ್ 1 ಕಿಲೋಹರ್ಟ್ಜ್‌ನಲ್ಲಿ: ಹಳೆಯದು 2.15 ಹೆನ್ರಿ, ನಕಲು 2.35, ಅಗ್ಗದ್ದು 3.1. ಓಮ್ ಪಟ್ಟಿಯಲ್ಲಿ ಮಿಕ್ಕೆರಡರ ನಡುವೆ ಸಭ್ಯನಂತೆ ಕೂತಿದ್ದ ಅಗ್ಗದ್ದು ಇಲ್ಲಿ ಎಲ್ಲೋ ಹೋಗಿದೆ. ಆಲ್ನಿಕೋಗಿಂತ ಉಕ್ಕು ಕಾಂತರೇಖೆಗಳನ್ನು ಬಹಳ ಸುಲಭವಾಗಿ ಒಯ್ಯುತ್ತದೆ, ಅಷ್ಟೇ ಸುತ್ತಿಗೆ ಇಂಡಕ್ಟೆನ್ಸ್ ಹೆಚ್ಚು. ಓಮ್ ಮೀಟರಿಗೆ ಕಾಣುವುದು ವೈರಿನ ಉದ್ದ ಮತ್ತು ದಪ್ಪ ಮಾತ್ರ, ಒಳಗೆ ಕಂಬ ಯಾವುದು ಎಂಬುದು ಅದಕ್ಕೆ ಗೊತ್ತಿಲ್ಲ.

ಮೀಟರನ್ನು 10 ಕಿಲೋಹರ್ಟ್ಜ್‌ಗೆ ತಿರುಗಿಸಿ ಅಳೆಯಬೇಡಿ. ಕಾಯಿಲ್‌ನದೇ ಕೆಪ್ಯಾಸಿಟೆನ್ಸ್ 100 ಪಿಕೋಫ್ಯಾರಡ್‌ನಷ್ಟು ಇರುವುದರಿಂದ ಹಳೆಯದರ ಸ್ವಂತ ಅನುರಣನ (ಅದು ಅತಿ ಜೋರಾಗಿ ಸ್ಪಂದಿಸುವ ಆವರ್ತನ) 11 ಕಿಲೋಹರ್ಟ್ಜ್ ಹತ್ತಿರ ಬೀಳುತ್ತದೆ. ಅದರ ಪಕ್ಕದಲ್ಲೇ ನಿಂತು ಅಳೆದರೆ 2 ಹೆನ್ರಿ ಇರುವುದು ಹತ್ತು ಹನ್ನೆರಡು ಎಂದು ಬರುತ್ತದೆ. 1 ಕಿಲೋಹರ್ಟ್ಜ್‌ನಲ್ಲಿ ಈ ತಪ್ಪು ಒಂದು ಶೇಕಡಾದೊಳಗೆ.

ಅನುರಣನದ ಶಿಖರ ಹಿಡಿಯಲು ಸಣ್ಣ ಪ್ರಚೋದಕ ಕಾಯಿಲ್ ಬೇಕು. 0.2 ಮಿಲಿಮೀಟರ್ ಎನಾಮಲ್ ವೈರ್ 50 ಸುತ್ತು, ಪಿಕಪ್‌ನ ಮುಖದಷ್ಟೇ ಉದ್ದದ ಚಪ್ಪಟೆ ರಟ್ಟಿನ ಮೇಲೆ. ಆಡಿಯೋ ಇಂಟರ್‌ಫೇಸಿನ ಹೆಡ್‌ಫೋನ್ ಔಟ್‌ನಿಂದ 100 ಓಮ್ ರೆಸಿಸ್ಟರ್ ಮೂಲಕ ಇದಕ್ಕೆ ಸ್ವೀಪ್ (ತಗ್ಗಿನಿಂದ ಎತ್ತರದ ಆವರ್ತನದವರೆಗೆ ಏರುವ ಸ್ವರ) ಕೊಡಬೇಕು. ರೆಸಿಸ್ಟರ್ ಇದ್ದರೆ ಕರೆಂಟ್ ಎಲ್ಲ ಆವರ್ತನದಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಪಿಕಪ್ ಸಿಗ್ನಲ್ ಇಂಟರ್‌ಫೇಸಿನ 1 ಮೆಗಾಓಮ್ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೆ, ಅಡ್ಡಲಾಗಿ 470 ಪಿಕೋಫ್ಯಾರಡ್ ಕೆಪ್ಯಾಸಿಟರ್. ಕೇಬಲ್ ಬದಲು ಈ ಕೆಪ್ಯಾಸಿಟರ್. ಸ್ವೀಪ್‌ಗೆ ರೂಮ್ ಇಕ್ಯೂ ವಿಝಾರ್ಡ್ ಎಂಬ ಸಾಫ್ಟ್‌ವೇರ್ ಸಾಕು, ಪುಕ್ಕಟೆ. ಬಂದ ರೇಖೆ ಪ್ರತಿ ಆಕ್ಟೇವ್‌ಗೆ 6 ಡೆಸಿಬೆಲ್ ಏರುತ್ತಲೇ ಹೋಗುತ್ತದೆ, ಏಕೆಂದರೆ ಕಾಯಿಲ್‌ನಲ್ಲಿ ಹುಟ್ಟುವ ವೋಲ್ಟೇಜ್ ಕಾಂತಕ್ಷೇತ್ರ ಬದಲಾಗುವ ವೇಗಕ್ಕೆ ತಕ್ಕಂತೆ. ಅಷ್ಟನ್ನು ಕಳೆದ ಮೇಲಷ್ಟೇ ರೇಖೆ ನಂಬಬಹುದು.

ಮೊದಲ ಎರಡು ದಿನದ ರೇಖೆಗಳು ಕಸದ ಬುಟ್ಟಿಗೆ ಹೋದವು. 50 ಹರ್ಟ್ಜ್ ಗುಂಯ್ ಇದ್ದದ್ದೇ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು, ಮೇಜಿನ ಎಲ್‌ಇಡಿ ದೀಪ ಆರಿಸಿದರೆ ಬಹುಪಾಲು ಹೋಗುತ್ತದೆ. ಆದರೆ ಕರೆಂಟ್ ಹೋಗಿ ಯುಪಿಎಸ್ ಹತ್ತಿಕೊಂಡಾಗ ಕಥೆ ಬೇರೆ. ಚೌಕಾಕಾರದ ಅಲೆ ಕೊಡುವ ಮಾದರಿಯಾದರೆ ಅದರ ಹಾರ್ಮಾನಿಕ್‌ಗಳು ಶಿಖರ ಇರುವ ಜಾಗದವರೆಗೂ ಹರಡಿಕೊಂಡು ಸಣ್ಣ ಸಣ್ಣ ಹಲ್ಲುಗಳಾಗಿ ಕಾಣುತ್ತವೆ. ಆ ಹೊತ್ತಿನಲ್ಲಿ ಅಳೆಯದಿರುವುದೇ ಮದ್ದು.

ಮೇ, ಮೊದಲ ವಾರ

ಫಲಿತಾಂಶ: ಹಳೆಯದರ ಶಿಖರ 4.55 ಕಿಲೋಹರ್ಟ್ಜ್, ನಕಲಿನದು 4.27, ಅಗ್ಗದ್ದು 3.7. ಅಗ್ಗದ್ದರ ಶಿಖರ ಕುಳ್ಳೂ ಹೌದು, ಅಗಲವೂ ಹೌದು. ಉಕ್ಕಿನ ಕಂಬದೊಳಗೆ ಸುಳಿಯುವ ಎಡ್ಡಿ ಕರೆಂಟ್ ಎತ್ತರದ ಸ್ವರಗಳನ್ನು ತಿಂದುಹಾಕುತ್ತದೆ.

ಹಳೆಯದಕ್ಕೂ ನಕಲಿಗೂ ಇರುವ 280 ಹರ್ಟ್ಜ್ ಎಷ್ಟು ದೊಡ್ಡದು? ನೋಡಲು ಹಳೆಯದಕ್ಕೆ ಅಡ್ಡಲಾಗಿ ಇನ್ನೊಂದು 82 ಪಿಕೋಫ್ಯಾರಡ್ ಸೇರಿಸಲಾಯಿತು. ಶಿಖರ 4.25ಕ್ಕೆ ಇಳಿದು ನಕಲಿನ ರೇಖೆಯ ಮೇಲೆ ಸರಿಯಾಗಿ ಕೂತಿತು. ಸಾಮಾನ್ಯ ಗಿಟಾರ್ ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್‌ನಷ್ಟು ಇರುತ್ತದೆ. ಅಂದರೆ ಅರವತ್ತು ವರ್ಷದ ಅಂತರ ಒಂದು ಮೀಟರ್ ಕೇಬಲ್ಲಿಗಿಂತ ಕಡಿಮೆ. ಲಕ್ಷಗಟ್ಟಲೆ ಕೊಡುವ ಮೊದಲು ಆರು ಮೀಟರ್ ಕೇಬಲ್ ಕಿತ್ತು ಮೂರು ಮೀಟರಿನದು ಹಾಕಿ ಕೇಳುವುದು ಒಳ್ಳೆಯದು.

ಹಾಗೆಂದು ಎರಡೂ ಒಂದೇ ಎಂದಲ್ಲ. ಕಾಂತಶಕ್ತಿ ಅಳೆಯುವ ಗಾಸ್‌ಮೀಟರಿನಲ್ಲಿ ಹಳೆಯದರ ಆರೂ ಕಂಬ ನಕಲಿಗಿಂತ ದುರ್ಬಲ, ಮತ್ತು ಒಂದರಂತೆ ಒಂದಿಲ್ಲ. ಇದನ್ನು ವಯಸ್ಸಿನ ತಲೆಗೆ ಕಟ್ಟುವುದು ರೂಢಿ. ಆಲ್ನಿಕೋ ಸುಮ್ಮನಿದ್ದರೆ ಅಷ್ಟು ಬೇಗ ಕಾಂತಶಕ್ತಿ ಕಳೆದುಕೊಳ್ಳುವುದಿಲ್ಲ. ಕೆಡಿಸುವುದು ಹೊರಗಿನ ಮ್ಯಾಗ್ನೆಟ್‌ಗಳು. ಬಿಚ್ಚಿದ ಪಿಕಪ್‌ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮುಖಕ್ಕೆ ಮುಖ ಮಾಡಿ ತುಂಬಿಡುವವರು ಇದನ್ನು ಗಮನಿಸಬೇಕು. ಅಳೆಯುವಾಗ ಕಂಬದ ನಡುವೆ ಒಂದು, ಅಂಚಿನಲ್ಲಿ ಇನ್ನೊಂದು ಸಂಖ್ಯೆ ಬರುತ್ತದೆ, ಆದ್ದರಿಂದ ಪ್ರೋಬ್ ಅಡಿಯಲ್ಲಿ ಒಂದೇ ದಪ್ಪದ ರಟ್ಟು ಇಟ್ಟು, ನಡುವಿನಲ್ಲಿ ಮಾತ್ರ ಓದಬೇಕು.

ದುರ್ಬಲ ಮ್ಯಾಗ್ನೆಟ್ ತಂತಿಯನ್ನು ಕಡಿಮೆ ಎಳೆಯುತ್ತದೆ. ಕತ್ತಿನ ಬಳಿಯ ಪಿಕಪ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ: ನಕಲನ್ನು ಹತ್ತಿರ ಏರಿಸಿದರೆ ದಪ್ಪ ತಂತಿಯ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಎರಡಾಗಿ ಒಡೆದು ಅಲುಗುತ್ತದೆ, ಟ್ಯೂನರ್ ಮುಳ್ಳು ನಿಲ್ಲುವುದಿಲ್ಲ. ಕೊನೆಯ ಫ್ರೆಟ್ ಒತ್ತಿ ಹಿಡಿದು ದಪ್ಪ ತಂತಿಗೆ 2.4, ಸಣ್ಣ ತಂತಿಗೆ 2 ಮಿಲಿಮೀಟರ್ ಅಂತರ ಕೊಟ್ಟರೆ ನಿಲ್ಲುತ್ತದೆ. ಹಳೆಯದನ್ನು ಇನ್ನೂ ತುಸು ಏರಿಸಬಹುದು. ಈ ಎತ್ತರ ಹೊಂದಿಸದೆ ಮಾಡಿದ ಯಾವ ಹೋಲಿಕೆಯೂ ಕೆಲಸಕ್ಕೆ ಬಾರದು. ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸುತ್ತದೆ.

ಇನ್ನೊಂದು ಬಲೆ. 1 ಮೆಗಾಓಮ್ ಬದಲು ಗಿಟಾರಿನೊಳಗಿನ, ವಾಲ್ಯೂಮ್ ಮತ್ತು ಟೋನ್ ತಿರುಗಿಸುವ ಎರಡು 250 ಕಿಲೋಓಮ್ ಪಾಟ್‌ಗಳ ಹೊರೆ, ಅಂದರೆ ಸುಮಾರು 120 ಕಿಲೋಓಮ್ ಹಾಕಿದ ಕೂಡಲೇ ಶಿಖರ ಚಪ್ಪಟೆಯಾಗಿ ಅದರ ತುದಿ ಕೆಳಗೆ ಸರಿಯುತ್ತದೆ. ಬೇರೆಯವರ ರೇಖೆ ಪಕ್ಕದಲ್ಲಿಟ್ಟು ನೋಡುವಾಗ ಹೊರೆ ಎಷ್ಟು ಎಂದು ಮೊದಲು ಕೇಳಿ. ಪಾಟ್‌ಗಳೂ 20 ಶೇಕಡಾ ಆಚೀಚೆ. 250 ಎಂದು ಬರೆದದ್ದು 210 ಇದ್ದರೂ ಅಚ್ಚರಿಯಿಲ್ಲ.

ಮೇ, ಮೂರನೇ ವಾರ

ನಕಲಿನಷ್ಟಲ್ಲ, ಹಳೆಯದರಷ್ಟೇ ಸುತ್ತಿನ ಒಂದು ಕಾಯಿಲ್ ಇಲ್ಲೇ ಸುತ್ತುವ ಯೋಚನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲೋ "42 ಗೇಜ್" ಎಂದು ಕೇಳಿದರೆ ತಪ್ಪಿತು. ಇಲ್ಲಿ ಗೇಜ್ ಎಂದರೆ ಎಸ್‌ಡಬ್ಲ್ಯೂಜಿ ಎಂಬ ಬ್ರಿಟಿಷ್ ಅಳತೆ, ಅದರ 42 ಅಂದರೆ 0.1 ಮಿಲಿಮೀಟರ್. ಪಿಕಪ್‌ಗೆ ಬೇಕಾದ 42 ಎಡಬ್ಲ್ಯೂಜಿ 0.063 ಮಿಲಿಮೀಟರ್. ದಪ್ಪದ್ದರಲ್ಲಿ ಎಂಟು ಸಾವಿರದಷ್ಟು ಸುತ್ತು ಆ ಜಾಗದಲ್ಲಿ ಹಿಡಿಸುವುದೇ ಇಲ್ಲ. 46 ಎಸ್‌ಡಬ್ಲ್ಯೂಜಿ 0.061, ಅದು ಹತ್ತಿರ. ಗೇಜ್ ಬಿಟ್ಟು ಮಿಲಿಮೀಟರಲ್ಲಿ ಕೇಳಿ, ಮೈಕ್ರೋಮೀಟರ್ ಜೊತೆಗೆ ಒಯ್ಯಿರಿ. ಮೈಕ್ರೋಮೀಟರ್ ತೋರಿಸುವುದು ಲೇಪವನ್ನೂ ಸೇರಿಸಿ ಎಂಬುದು ನೆನಪಿರಲಿ.

ಮೇಣದ ಸ್ನಾನ ಹೊಸ ಕಾಯಿಲ್‌ಗೆ ಮಾತ್ರ: ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು, 65 ಡಿಗ್ರಿ ಮೀರದಂತೆ, ನೇರ ಉರಿಯ ಮೇಲಲ್ಲ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು. ಗುಳ್ಳೆ ಬರುವುದು ನಿಂತ ಮೇಲೆ ತೆಗೆಯುವುದು.

ಮುಂದಿನ ಜೋಡಿ ಗಿಬ್ಸನ್ ಕಂಪನಿಯ ಪಿಎಎಫ್ ('ಪೇಟೆಂಟ್ ಅಪ್ಲೈಡ್ ಫಾರ್' ಎಂಬ ಅಂಟುಚೀಟಿಯ) ಮಾದರಿಯ ಹಂಬಕರ್, ಗುಂಯ್ ಅಡಗಿಸುವ ಎರಡು ಕಾಯಿಲ್‌ಗಳ ಪಿಕಪ್. ಅಲ್ಲಿ ಅಂಟುಚೀಟಿ ನೋಡಿ ನಂಬುವ ಹಾಗಿಲ್ಲ. ನಕಲಿ ಚೀಟಿ ಮುದ್ರಿಸುವುದು ಸುಲಭ ಎಂಬುದು ಒಂದು. ಅಸಲಿ ಕಂಪನಿಯೇ 1960ರ ದಶಕದಲ್ಲಿ ಅಂಟಿಸಿದ 2,737,842 ಎಂಬ ಪೇಟೆಂಟ್ ಸಂಖ್ಯೆ ಪಿಕಪ್‌ನದೇ ಅಲ್ಲ, ಗಿಟಾರಿನಲ್ಲಿ ತಂತಿ ಕಟ್ಟುವ ಟೇಲ್‌ಪೀಸ್‌ನದು. ಹಂಬಕರ್ ರೂಪಿಸಿದ ಗಿಬ್ಸನ್ ಎಂಜಿನಿಯರ್ ಸೆತ್ ಲವರ್‌ಗೆ ಪಿಕಪ್‌ಗಾಗಿ 1959ರಲ್ಲಿ ಸಿಕ್ಕಿದ್ದು 2,896,491. ಮೊದಲು ಅಳೆಯುವುದು ಮುಚ್ಚಳ. ಹಳೆಯ ಮುಚ್ಚಳಗಳು ಜರ್ಮನ್ ಸಿಲ್ವರ್ (ತಾಮ್ರ, ನಿಕಲ್, ಸತುವಿನ ಮಿಶ್ರಲೋಹ). ಅಗ್ಗದವು ಹಿತ್ತಾಳೆಗೆ ನಿಕಲ್ ಲೇಪ. ಹಿತ್ತಾಳೆಯಲ್ಲಿ ವಿದ್ಯುತ್ ಹೆಚ್ಚು ಸಲೀಸಾಗಿ ಹರಿಯುವುದರಿಂದ ಎಡ್ಡಿ ಕರೆಂಟ್ ಜಾಸ್ತಿ. ಮುಚ್ಚಳ ಹಾಕಿ ಒಮ್ಮೆ, ತೆಗೆದು ಒಮ್ಮೆ ಸ್ವೀಪ್ ಮಾಡಿ ಶಿಖರ ಎಷ್ಟು ಕುಸಿಯುತ್ತದೆ ಎಂದು ನೋಡಬೇಕು. ಮಳೆಗಾಲದ ತೇವಕ್ಕೆ ಕಂಬ ತುಕ್ಕು ಹಿಡಿದು ವೈರ್ ತಿನ್ನದಿರಲೆಂದು ಹಳೆಯ ಸ್ಟ್ರ್ಯಾಟ್ ಪಿಕಪ್ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆ ಡಬ್ಬಿಗೆ ಹೋಗಿದೆ, ಒಂಟಿಯಾಗಿ.