ದಿಂಬಿನ ಮೇಲೆ ಸಿಕ್ಕ ಗ್ರೋಮೆಟ್

ಹೋದ ಜೂನ್‌ನಲ್ಲಿ ಒಂದು ಬೆಳಿಗ್ಗೆ ಮಗಳ ದಿಂಬಿನ ಮೇಲೆ ನೀಲಿ ಚೂರೊಂದು ಸಿಕ್ಕಿತು. ರಾಗಿ ಕಾಳಿಗಿಂತ ತುಸು ದೊಡ್ಡದು. ಒಣಗಿದ ಗುಗ್ಗೆ ಮೆತ್ತಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ದಾರದ ರೀಲಿನ ಆಕಾರ, ನಡುವೆ ತೂತು. ಎಡಗಿವಿಯ ಗ್ರೋಮೆಟ್! ಕಿವಿಯ ತಮಟೆಗೆ ಸಣ್ಣ ತೂತು ಮಾಡಿ, ಒಳಗೆ ಗಾಳಿಯಾಡಲಿ ಅಂತ ಕೂರಿಸುವ ಪುಟ್ಟ ಕೊಳವೆ. ಹಾಕಿಸಿ 11 ತಿಂಗಳಾಗಿತ್ತು.

ನಾವಿರೋದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಅವಳಿಗೆ ನಾಲ್ಕು ವರ್ಷವಿದ್ದಾಗ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದಳು, ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಮಾತು ಕೇಳಲ್ಲ ಅಂತ ಎಷ್ಟು ಸಲ ಗದರಿದ್ದೆ. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಕಿವಿಯ ತಮಟೆಯ ಹಿಂದೆ ಅಂಟಿನಂಥ ದ್ರವ ತುಂಬಿತ್ತು. ಎಷ್ಟೋ ಮಕ್ಕಳಲ್ಲಿ ಅದು ತಾನಾಗಿ ಇಳಿಯುತ್ತದೆ ಅಂತ ಮೂರು ತಿಂಗಳು ಕಾದೆವು. ಇಳಿಯಲಿಲ್ಲ. ಕೊನೆಗೆ ಎರಡೂ ಕಿವಿಗೆ ಗ್ರೋಮೆಟ್ ಹಾಕಿಸಿದೆವು.

ಗ್ರೋಮೆಟನ್ನು ಮತ್ತೆ ಆಪರೇಷನ್ ಮಾಡಿ ತೆಗೀತಾರೆ ಅಂದುಕೊಂಡಿದ್ದೆ. ಹಾಗಲ್ಲ. ತಮಟೆಯ ಮೇಲಿನ ಚರ್ಮ ನಡುವಿನಿಂದ ಅಂಚಿಗೆ, ಅಲ್ಲಿಂದ ಕಿವಿಯ ಹೊರಕ್ಕೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಗುಗ್ಗೆ ಹೊರಗೆ ಬರುವುದೂ ಹಾಗೆಯೇ. ಅದೇ ಚಲನೆ ಗ್ರೋಮೆಟನ್ನೂ ತಳ್ಳುತ್ತದೆ. ಸಾಮಾನ್ಯವಾಗಿ ಆರರಿಂದ ಹದಿನೆಂಟು ತಿಂಗಳೊಳಗೆ. ಬಲಗಿವಿಯದು ಏಪ್ರಿಲ್‌ನಲ್ಲೇ ಬಿದ್ದು ಕಿವಿಯ ದಾರಿಯಲ್ಲಿ ಕೂತಿತ್ತು. ನಮಗೆ ಗೊತ್ತೇ ಆಗಿರಲಿಲ್ಲ. ಜೂನ್ ಹೊತ್ತಿಗೆ ಅಲ್ಲಿನ ತೂತು ಮುಚ್ಚಿಯೂ ಆಗಿತ್ತು.

ಎಡಗಿವಿ ಕಾಯಿಸಿತು. ಜುಲೈನಲ್ಲಿ ನೋಡಿದಾಗ ಸೂಜಿಮೊನೆಯಷ್ಟು ತೂತು ಹಾಗೇ ಇತ್ತು. ಹೆಚ್ಚಿನ ಮಕ್ಕಳಲ್ಲಿ ಮುಚ್ಚಿಕೊಳ್ಳುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಹಾಗೆ ಉಳಿದರೆ ಮುಂದೆ ಕಿವಿಹಾಲೆಯ ಚೂರು ಕೊಬ್ಬು ಇಟ್ಟು ತೇಪೆ ಹಾಕುವುದೂ ಉಂಟು ಅಂದರು ಡಾಕ್ಟರ್. ಸದ್ಯಕ್ಕೆ ಕಾಯೋಣ, ನೀರು ಒಳಗೆ ಹೋಗದಿರಲಿ, ಕಿವಿ ಸೋರಿದರೆ ಕೂಡಲೇ ಬನ್ನಿ ಅಂದರು. ಹೊರಗೆ ಮುಂಬೈ ಮಳೆ. ತಲೆಸ್ನಾನದ ದಿನ ಹತ್ತಿಗೆ ವ್ಯಾಸಲೀನ್ ಹಚ್ಚಿ ಕಿವಿಗಿಟ್ಟು, ತಲೆ ಹಿಂದಕ್ಕೆ ಬಾಗಿಸಿ ಚೊಂಬಿನಲ್ಲಿ ಸ್ವಲ್ಪಸ್ವಲ್ಪವೇ ಹಾಕುತ್ತಿದ್ದೆ.

ಊರಿಂದ ಅತ್ತೆ ಫೋನ್ ಮಾಡಿದರು. "ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಎರಡು ತೊಟ್ಟು ಬಿಡು ಮಾರಾಯ್ತಿ."

"ಬೇಡ ಅತ್ತೆ, ತೂತಿದೆ. ಎಣ್ಣೆ ಸೀದಾ ಒಳಗೆ ಇಳಿಯುತ್ತೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೇಡ, ಮಗುವಿಗೆ ನೋವಿಲ್ಲ ಅಲ್ವಾ?" ಅಂದರು. ಇರಲಿಲ್ಲ.

ಡಿಸೆಂಬರ್‌ನಲ್ಲಿ ಡಾಕ್ಟರ್ ಕ್ಯಾಮೆರಾ ಇಟ್ಟು ಸ್ಕ್ರೀನ್ ಮೇಲೆ ತೋರಿಸಿದರು. ಮುತ್ತಿನ ಬಣ್ಣದ ತಮಟೆ, ಅದರ ಮೇಲೆ ಬೆರಳಿಂದ ಒತ್ತಿದ ಸುಣ್ಣದಂಥ ಬಿಳಿ ಗುರುತು. ಪಕ್ಕದಲ್ಲಿ ಕಪ್ಪಾಗಿ ಕಾಣುವ ಚುಕ್ಕೆ. ಅದೇ ತೂತು ಅಂತ ನನ್ನ ಎದೆ ಧಸಕ್ಕೆಂದಿತು. ಅಲ್ಲವಂತೆ, ಅಲ್ಲಿ ಹೊಸ ಪೊರೆ ಬಂದಿದೆಯಂತೆ! ತಮಟೆಗೆ ಮೂರು ಪದರ. ವಾಸಿಯಾದ ಜಾಗದಲ್ಲಿ ಕೆಲವೊಮ್ಮೆ ನಡುವಿನ ಗಟ್ಟಿ ಪದರ ಸರಿಯಾಗಿ ಬೆಳೆಯುವುದಿಲ್ಲ. ಪೊರೆ ತೆಳ್ಳಗಿರುವುದರಿಂದ ಹಿಂದಿನ ಕತ್ತಲೆ ಕಾಣುತ್ತದೆ. ಬಿಳಿ ಗುರುತಿನಿಂದ ಸಾಮಾನ್ಯವಾಗಿ ಕೇಳಿಸುವುದಕ್ಕೆ ತೊಂದರೆಯಿಲ್ಲ. ತಮಟೆ ಎಷ್ಟು ಅಲುಗುತ್ತದೆ ಅಂತ ಅಳೆಯುವ ಟಿಂಪನೋಮೆಟ್ರಿ ಪರೀಕ್ಷೆಯಲ್ಲಿ ಹಿಂದೆ ಚಪ್ಪಟೆಯಾಗಿದ್ದ ಗೆರೆ ಈಗ ಗುಡ್ಡದ ಹಾಗೆ ಎದ್ದಿತ್ತು. ಆರು ತಿಂಗಳು ಬಿಟ್ಟು ಇನ್ನೊಮ್ಮೆ ತೋರಿಸಬೇಕು.

ಭಾನುವಾರ ಹತ್ತಿ ಇಲ್ಲದೆ ತಲೆಗೆ ನೀರು ಹಾಕಿದೆ. "ಅಮ್ಮಾ, ಇನ್ನೂ ಜೋರಾಗಿ ಸುರಿ" ಅಂದಳು. ಸುರಿದೆ.