ಪಾಟ್ಸ್‌ಡಾಮರ್ ಪ್ಲಾಟ್ಸ್‌ನ ಪಾಯ

ನೆಲದಡಿಯ ನಿಲ್ದಾಣದಿಂದ ಮೆಟ್ಟಿಲು ಹತ್ತಿ ಹೊರಬರುತ್ತಲೇ ಮಗಳು, "ಅಪ್ಪಯ್ಯ, ಮೇಲೆ ನೋಡಿ" ಎಂದಳು. ಒಂದು ಕಡೆ ಹೆಲ್ಮುಟ್ ಯಾನ್ ವಿನ್ಯಾಸದ ಗಾಜಿನ ಗೋಪುರ. ಎದುರಿಗೆ ಹಾನ್ಸ್ ಕೋಲ್ಹಾಫ್‌ನ ಇಟ್ಟಿಗೆ ಗೋಪುರ, ಮಳೆ ತಿಂದು ಕಪ್ಪಾದ ನಮ್ಮೂರಿನ ಮುರಕಲ್ಲಿನ ಬಣ್ಣ. ನೋಡಿದೆ, ಚೆನ್ನಾಗಿಯೇ ಇದ್ದವು. ಆದರೆ ಬರ್ಲಿನ್ನಿಗೆ ಹೊರಡುವ ಮೊದಲೇ ನನ್ನ ಮನಸ್ಸು ಪಾಟ್ಸ್‌ಡಾಮರ್ ಪ್ಲಾಟ್ಸ್ ಎಂಬ ಈ ಚೌಕದ ಪಾಯದಲ್ಲಿತ್ತು.

ಕುಂದಾಪುರದ ಸುತ್ತಮುತ್ತ ಮೂವತ್ತು ವರ್ಷ ಸೇತುವೆ, ಮೋರಿ, ಶಾಲೆಗಳ ಪಾಯ ತೆಗೆಸಿದವನು ನಾನು. ಅಲ್ಲಿ ನಾಲ್ಕಡಿ ಅಗೆದರೆ ನೀರು. ಒಂದು ಸೇತುವೆಗಾಗಿ ಹನ್ನೊಂದು ದಿನ ಹಗಲೂ ರಾತ್ರಿ ಡೀಸೆಲ್ ಪಂಪು ಓಡಿಸಿದ್ದೆವು. ಪಾಯವೇನೋ ಆಯಿತು, ಪಕ್ಕದ ಮನೆಯ ಬಾವಿ ಬತ್ತಿತು. ಆ ಮನೆಯ ಹೆಂಗಸು ಖಾಲಿ ಕೊಡಪಾನ ತಂದು ನನ್ನ ಮುಂದಿಟ್ಟು, ಮಾತಿಲ್ಲದೆ ನಿಂತಿದ್ದರು. ಇಂದಿಗೂ ಆ ಮುಖ ಮರೆತಿಲ್ಲ.

ಬರ್ಲಿನ್ನಿನ ನೆಲವೂ ಹಾಗೆಯೇ, ಮರಳು ಮತ್ತು ನೀರು. 1920ರ ದಶಕದಲ್ಲಿ ಈ ಚೌಕದಲ್ಲಿ ಎಷ್ಟು ವಾಹನಗಳಿದ್ದವೆಂದರೆ 1924ರಲ್ಲೇ ಸಿಗ್ನಲ್ ಗೋಪುರ ನಿಲ್ಲಿಸಿದ್ದರು. ಅದರ ಪ್ರತಿಕೃತಿ ಈಗಲೂ ಅಲ್ಲಿದೆ. ಎರಡನೆಯ ಮಹಾಯುದ್ಧದ ಬಾಂಬುಗಳು ಬಹುತೇಕ ಎಲ್ಲವನ್ನೂ ಕೆಡವಿದವು. 1961ರಲ್ಲಿ ನಗರವನ್ನು ಎರಡಾಗಿ ಸೀಳಿದ ಬರ್ಲಿನ್ ಗೋಡೆ ಎದ್ದ ಮೇಲೆ ಇದು ಬರಿಯ ಬಯಲಾಯಿತು. ಗೋಡೆ ಹಾದುಹೋದ ಜಾಗದಲ್ಲಿ ಈಗ ಎರಡು ಸಾಲು ಕಲ್ಲು ಹಾಸಿದ್ದಾರೆ. ಜನ ಅದನ್ನು ದಾಟಿ ಕಾಫಿ ಕುಡಿಯಲು ಹೋಗುತ್ತಾರೆ.

1990ರ ದಶಕದಲ್ಲಿ ಮತ್ತೆ ಕಟ್ಟಲು ಹೊರಟಾಗ ಎದುರಾದದ್ದು ಅದೇ ನೀರು. ಪಂಪು ಹಚ್ಚಿ ಬತ್ತಿಸಬಹುದಿತ್ತು. ಆದರೆ ಸುತ್ತಲಿನ ಅಂತರ್ಜಲವೂ ಇಳಿದು, ಪಕ್ಕದ ಟೀರ್ಗಾರ್ಟನ್ ಉದ್ಯಾನದ ಮರಗಳು ಒಣಗುವ ಭಯವಿತ್ತು. ಆದ್ದರಿಂದ ಗುಂಡಿಯ ಸುತ್ತ ತಡೆಗೋಡೆ ಇಳಿಸಿದರು. ನೀರನ್ನು ಹಾಗೆಯೇ ಉಳಿಸಿಕೊಂಡು ತೇಲುವ ಯಂತ್ರಗಳಿಂದ ಮಣ್ಣು ತೆಗೆದರು. ಮುಳುಗುಗಾರರು ತಳಕ್ಕಿಳಿದು, ನೀರಿನಡಿಯಲ್ಲೇ ಕಾಂಕ್ರೀಟು ಹಾಸಿದರು. ಅದು ಗಟ್ಟಿಯಾದ ಮೇಲೆ ಗುಂಡಿಯೊಳಗಿನ ನೀರನ್ನಷ್ಟೇ ಹೊರಹಾಕಿದರು. ನೀರು ಖಾಲಿಯಾದ ಗುಂಡಿಯನ್ನು ಅಂತರ್ಜಲ ದೋಣಿಯಂತೆ ಮೇಲಕ್ಕೆತ್ತುತ್ತದೆ, ಅದಕ್ಕಾಗಿ ತಳವನ್ನು ಕೆಳಗಿನ ಮಣ್ಣಿಗೆ ಬಿಗಿದರು. ಇದನ್ನು ಮಗಳಿಗೆ ವಿವರಿಸುತ್ತಾ ನಾನು ರಸ್ತೆಯಲ್ಲೇ ನಿಂತುಬಿಟ್ಟಿದ್ದೆ. ಅವಳು ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡಳು.

ಇದೇ ಚೌಕದಲ್ಲಿ 2000ದಲ್ಲಿ ಸೋನಿ ಸೆಂಟರ್ ಎಂಬ ಹೆಸರಿನಲ್ಲಿ ತೆರೆದ ಕಟ್ಟಡ ಸಮೂಹದ ಡೇರೆಯಂತಹ ಚಾವಣಿ ನಿಜಕ್ಕೂ ಸುಂದರ. ಅದರಡಿ ಮಳೆಯಿಲ್ಲ, ಗಾಳಿ ಮಾತ್ರ ಸರಾಗ. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಗಾಜಿನ ಹಿಂದಿರುವ ಕೈಸರ್‌ಸಾಲ್ ಮುಂದೆ. ಹಳೆಯ ಎಸ್‌ಪ್ಲನಾಡೆ ಹೋಟೆಲಿನ ಈ ಸಭಾಂಗಣ ಹೊಸ ರಸ್ತೆಗೆ ಅಡ್ಡವಾಗಿತ್ತು. 1996ರಲ್ಲಿ 1,300 ಟನ್ ತೂಕದ ಅದನ್ನು ಗಾಳಿಯ ದಿಂಬುಗಳ ಮೇಲೆ 75 ಮೀಟರ್ ಸರಿಸಿದರು. ಕೆಡವುವುದು ಸುಲಭವಿತ್ತು. ರೆಂಜೊ ಪಿಯಾನೊ ಯೋಜಿಸಿದ ಬೀದಿಗಳ ನಡುವೆ 1912ರ ವೈನ್‌ಹೌಸ್ ಹುತ್ ಕೂಡ ಹಾಗೆಯೇ ಉಳಿದಿದೆ. ವೈನ್ ದಾಸ್ತಾನಿನ ಭಾರ ಹೊರಲೆಂದು ಉಕ್ಕಿನ ಹಂದರ ಹಾಕಿ ಕಟ್ಟಿದ ಮನೆಯದು. ಅದರ ಗೋಡೆಯನ್ನು ಅಂಗೈಯಿಂದ ಮುಟ್ಟಿಯೇ ಬಂದೆ.

ರಾತ್ರಿ ಊರಿಗೆ, ನನ್ನೊಡನೆ ದುಡಿದ ಮೇಸ್ತ್ರಿಗೆ ಫೋನು ಮಾಡಿದೆ. ಮುಳುಗುಗಾರರ ಕತೆ ಹೇಳಿದೆ, ಮರಗಳದ್ದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಬಾವಿ ಅವರಿಗೂ ನೆನಪಾಗಿರಬೇಕು.

"ಅದೆಲ್ಲ ಸರಿ ಸರ್, ನೀರಿನೊಳಗೆ ಮಟ್ಟ ಹೇಗೆ ಹಿಡಿದರಂತೆ?" ಎಂದು ಕೇಳಿದರು.